ಫೋನ್ ಅವರ ಕೈಯಲ್ಲೇ ಇರಲಿ

ದಾವಣಗೆರೆಯಲ್ಲಿ ವಾಲಂಟಿಯರ್‌ಗಳಿಗೆ ಬರವಿಲ್ಲ. ಬಿಐಇಟಿ, ಯುಬಿಡಿಟಿ ಅಂತ ಎಂಜಿನಿಯರಿಂಗ್ ಕಾಲೇಜುಗಳಿವೆ. ‘ಹಳ್ಳಿಗೆ ಹೋಗಿ ಮೊಬೈಲ್ ಹೇಳಿಕೊಡ್ತೀರಾ?’ ಅಂದರೆ ಕೈ ಎತ್ತುವವರು ಬೇಕಾದಷ್ಟು. ಅಲ್ಲಿ ಹೋಗಿ ಏನು ಮಾಡಬಾರದು ಅಂತ ಅವರಿಗೆ ಹೇಳುವುದೇ ನನ್ನ ದೊಡ್ಡ ಕೆಲಸ.

ಜಗಳೂರು ಕಡೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಮೇಲ್ವಿಚಾರಕರನ್ನು ಕೇಳಿಕೊಂಡು ನಾವು ಮೊಬೈಲ್ ಪಾಠ ನಡೆಸುತ್ತೇವೆ. ದಿನ ಗೊತ್ತು ಮಾಡುವಾಗ ವಿಟಿಯು ಪರೀಕ್ಷೆ, ಹೊಲದ ಕೆಲಸ ಎರಡನ್ನೂ ನೋಡಬೇಕು. ಜೂನ್‌ನಲ್ಲಿ ಮಳೆ ಬಿದ್ದರೆ ಮೆಕ್ಕೆಜೋಳದ ಬಿತ್ತನೆ, ಊರಲ್ಲಿ ಯಾರೂ ಸಿಗುವುದಿಲ್ಲ. ಹುಡುಗರಿಗೂ ಸುಮಾರಾಗಿ ಅದೇ ಹೊತ್ತಿಗೆ ಪರೀಕ್ಷೆ. ಇಬ್ಬರಿಗೂ ರಜೆ ಕೊಟ್ಟು ಸುಮ್ನಿರುವುದೇ ಒಳ್ಳೇದು.

ಮೊದಲ ನಿಯಮ, ಕಲಿಯುವವರ ಫೋನನ್ನು ವಾಲಂಟಿಯರ್ ಮುಟ್ಟಬಾರದು. ಕಂಪ್ಯೂಟರ್ ಓದುವ ಹುಡುಗರಿಗೆ ಇದು ಮಹಾ ಹಿಂಸೆ. ಅಜ್ಜಿ ನಿಧಾನಕ್ಕೆ ಬೆರಳಾಡಿಸುತ್ತಿದ್ದರೆ ಇವರ ಕೈ ಕಡಿಯುತ್ತದೆ. ಕಿತ್ತುಕೊಂಡು ಎರಡು ಸಲ ಒತ್ತಿ ‘ಆಯ್ತಜ್ಜಿ’ ಅಂದುಬಿಟ್ಟರೆ, ಮುಂದಿನ ವಾರ ಅದೇ ಅಜ್ಜಿ, ಅದೇ ಪ್ರಶ್ನೆ.

ಯುಪಿಐ ವಿಷಯದಲ್ಲಿ ಇನ್ನೂ ಬಿಗಿ. ‘ತಮ್ಮಾ, ನನ್ನ ನಂಬರು ಇದು, ನೀನೇ ಒತ್ತಪ್ಪ’ ಅಂತ ಪಿನ್ನನ್ನು ಜೋರಾಗಿ ಹೇಳುವವರೇ ಜಾಸ್ತಿ. ಆಗ ಎದ್ದು ಆಚೆ ಹೋಗಿ ಅಂತ ಹುಡುಗರಿಗೆ ಹೇಳಿದ್ದೇನೆ. ನಾಳೆ ಬ್ಯಾಂಕಿನವರು ಏನೋ ಚಾರ್ಜು ಹಿಡಿದುಕೊಂಡರೂ ಮೊದಲು ನೆನಪಾಗುವುದು ಪೇಟೆಯಿಂದ ಬಂದ ಹುಡುಗನೇ ಅಲ್ವಾ? ಒಮ್ಮೆ ಅನುಮಾನ ಬಂದರೆ ಆ ಊರಿನ ಬಾಗಿಲು ಮುಚ್ಚಿದಂತೆ.

ದುಡ್ಡು ಬರಬೇಕಾದರೆ ಪಿನ್ ಬೇಕಾಗಿಲ್ಲ ಅನ್ನುವುದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ವಾಲಂಟಿಯರ್ ಎದುರಿಗೇ 1 ರೂಪಾಯಿ ಕಳಿಸುತ್ತಾನೆ. ‘ಬಂತಾ ಅವ್ವಾ? ನಿಮ್ಮ ಫೋನು ಪಿನ್ ಕೇಳ್ತಾ?’ ‘ಇಲ್ಲಪ್ಪ.’ ಹಣ ಕೊಡ್ತೀವಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಕರೆ ಮಾಡುವವರು ಕಳ್ಳರು ಅನ್ನುವುದು ಆಗ ತಾನಾಗಿ ಅರ್ಥವಾಗುತ್ತದೆ. ಮೋಸ ಆದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಅವರ ಕೈಯಲ್ಲೇ ಸೇವ್ ಮಾಡಿಸುತ್ತೇವೆ.

ಗೃಹಲಕ್ಷ್ಮಿಯ 2000 ಬಂತೋ ಇಲ್ಲವೋ ನೋಡುವುದು, ಪಹಣಿ ತೆಗೆಯುವುದು, ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಹೊಲದ ಫೋಟೋ ಹಾಕುವುದು, ಇಷ್ಟನ್ನು ಕಲಿಸುತ್ತೇವೆ. ಅರ್ಜಿ ತುಂಬಿಕೊಡುವುದಿಲ್ಲ, ಅದಕ್ಕೆ ಸರ್ಕಾರದ ಗ್ರಾಮ ಒನ್ ಕೇಂದ್ರ ಇದೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ನೋಟ್‌ಬುಕ್ಕಿಗೆ ಹೋಗುತ್ತದೆ, ಮುಂದಿನ ವಾರದ ತಂಡ ಓದಿಕೊಂಡು ಬರುತ್ತದೆ. ಅದರಲ್ಲಿ ಆಧಾರ್ ನಂಬರ್ ಮಾತ್ರ ಬರೆಯುವಂತಿಲ್ಲ.

ಹುಡುಗರು ಸಂಜೆ ಬಸ್ಸು ಹತ್ತುತ್ತಾರೆ. ಫೋನು ಕೈಕೊಡುವುದು ಬುಧವಾರವೋ ಗುರುವಾರವೋ. ಹಾಗಾಗಿ ಪ್ರತಿ ಪಾಠಕ್ಕೂ ಆ ಊರಿನ ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತೇವೆ, ಪಿಯುಸಿ ಓದುವ ಹುಡುಗಿಯೋ, ಸ್ತ್ರೀಶಕ್ತಿ ಸಂಘದ ಅಕ್ಕನೋ. ಎಂಜಿನಿಯರಿಂಗ್ ಹುಡುಗರಿಗಿಂತ ಇವರೇ ಚೆನ್ನಾಗಿ ಹೇಳಿಕೊಡುತ್ತಾರೆ. ಅಜ್ಜಿಯ ಮಾತು ಅವರಿಗೆ ಗೊತ್ತು.

ಇಂಥ ಪಾಠ ನಡೆಸುವವರಿಗೆ ಇನ್ನೊಂದು ಮಾತು, ವಾಲಂಟಿಯರ್‌ಗಳ ಬಸ್ ಚಾರ್ಜು ಅವತ್ತೇ ಕೊಟ್ಟುಬಿಡಿ. ಶಕ್ತಿ ಯೋಜನೆ ಇದೆಯಲ್ಲ, ಹುಡುಗಿಯರಿಗೆ ಯಾಕೆ ಅನ್ನಬೇಡಿ. ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡಾಡುವ ಖಾಸಗಿ ಬಸ್ಸುಗಳಿಗೆ ಟಿಕೆಟ್ ತೆಗೆಯಲೇಬೇಕು.