ವಾರ್ಟ್‌ಹಾಗ್ ರಿವರ್ಸ್‌ನಲ್ಲಿ ಬಿಲಕ್ಕಿಳಿದ ವಿಡಿಯೋ ಕೊನೆಗೂ ಸಿಕ್ಕಿತು

ಕೀನ್ಯಾದ ಮಸಾಯ್ ಮಾರಾಗೆ ಹೋಗಿ ಹಂದಿ ಹಿಂದೆ ಬೀಳ್ತೀಯಾ ಎಂದು ಕ್ಯಾಮೆರಾ ಗೆಳೆಯರು ನಕ್ಕಿದ್ದರು. ಸಿಂಹದ ಫೋಟೋ ಎಲ್ಲರ ಹಾರ್ಡ್ ಡಿಸ್ಕ್‌ನಲ್ಲೂ ಬಿದ್ದಿದೆ. ನನಗೆ ಬೇಕಿದ್ದದ್ದು ಶಾಲೆ ಮಕ್ಕಳಿಗೆ ತೋರಿಸೋಕೆ ವಾರ್ಟ್‌ಹಾಗ್, ಅಂದರೆ ಮುಖದ ಮೇಲೆ ಗಂಟುಗಳಿರುವ ಆಫ್ರಿಕಾದ ಕಾಡುಹಂದಿ. ಅದೂ ಸಂಜೆ ಹಿಮ್ಮುಖವಾಗಿ ಬಿಲಕ್ಕೆ ಇಳಿಯುವ ವಿಡಿಯೋ.

ಬಾಲ ನೆಟ್ಟಗೆ ಎತ್ತಿಕೊಂಡು ಓಡುವ ಚಿತ್ರ ಯಾರಿಗಾದರೂ ಸಿಗುತ್ತದೆ. ಬಿಲದ್ದೇ ಕಷ್ಟ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ಅನ್ನೋ ಪ್ರಾಣಿ ತೋಡಿ ಬಿಟ್ಟ ಬಿಲಗಳಲ್ಲೇ ಇವು ಜಾಸ್ತಿ ಮಲಗುವುದು. ಒಂದಕ್ಕೇ ಅಂಟಿಕೊಳ್ಳುವುದೂ ಇಲ್ಲ. ನಾನು ಈ ಬಿಲದ ಮುಂದೆ ಕಾದರೆ ಸಂಸಾರ ಇನ್ನೆಲ್ಲೋ ಮಲಗಿರುತ್ತಿತ್ತು. ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾ ಪ್ರವೇಶವೇ ದಿನಕ್ಕೆ 200 ಡಾಲರ್, ಜೀಪು-ಡ್ರೈವರ್‌ಗೆ ಹೆಚ್ಚುಕಡಿಮೆ ಮತ್ತಷ್ಟೇ. ಖಾಲಿ ಬಿಲ ನೋಡೋಕೆ ಇಷ್ಟು ದುಡ್ಡು! ಸಿಂಹ ಬೇಡ್ವಾ ಸಾರ್ ಅಂತ ಡ್ರೈವರ್ ಕೇಳುತ್ತಲೇ ಇದ್ದ.

ಆಮೇಲೆ ಬಿಲ ಬಿಟ್ಟು ಹಂದಿಯನ್ನೇ ಹಿಡಿದೆ. ಮಧ್ಯಾಹ್ನ ಮೂರರಿಂದ ದಾರಿ ಪಕ್ಕದ ಒಂದೇ ಸಂಸಾರ, ಎಂಜಿನ್ ಆಫ್. ಎಷ್ಟು ದೂರ, ಗಾಳಿಗೆ ಯಾವ ಮಗ್ಗುಲು ಅನ್ನೋದು ನನ್ನ ಹತ್ತಿರವೇ ಇರಲಿ. ಆರರ ಆಸುಪಾಸು ಮರಿಗಳು ತಲೆ ಮುಂದೆ ಮಾಡಿ ನುಗ್ಗಿದವು. ತಾಯಿ ಬಿಲದ ಬಾಯಲ್ಲಿ ನಿಂತು ತಿರುಗಿತು. ಹಿಂಗಾಲು ಒಳಗಿಟ್ಟು, ಡಿಪೋದಲ್ಲಿ ಬಸ್ ರಿವರ್ಸ್ ತಗೊಂಡ ಹಾಗೆ ಇಳಿಯಿತು. ಕೊನೆಗೆ ಬಾಗಿಲಲ್ಲಿ ಉಳಿದದ್ದು ಮೂತಿ, ಕೋರೆ. ಕತ್ತೆಕಿರುಬ ತಲೆ ಹಾಕಿದರೆ ಮೊದಲು ಸಿಗುವುದು ಆ ಕೋರೆಯೇ. ಇಡೀ ವಿಡಿಯೋ ಹತ್ತು ಸೆಕೆಂಡ್ ಇರಬಹುದು, ಮಕ್ಕಳು ಮತ್ತೆ ಮತ್ತೆ ಹಾಕಿಸಿದರು.

ಇದು ಮೇಯುವಾಗ ಮುಂಗಾಲು ಮಡಚುತ್ತದಲ್ವಾ, ಯಾಕೆ ಎಂದರು. ಕಾಲು ಉದ್ದ, ಕತ್ತು ಗಿಡ್ಡ ಅಂದರೆ ತಲೆಗೆ ಹೋಗಲಿಲ್ಲ. ಕೈ ನೇರ ಊರಿ, ಬಾಯಲ್ಲೇ ನೆಲದ ಕಡಲೆಕಾಯಿ ಎತ್ತಿ ಅಂದೆ. ಎಲ್ಲರೂ ಒದ್ದಾಡಿದರು. ಒಬ್ಬ ಹುಡುಗಿ ಮೊಣಕೈ ಊರಿದಳು, ಕಡಲೆಕಾಯಿ ಬಾಯಿಗೆ ಬಂತು. ಹಂದಿ ಊರುವುದು ಮಣಿಕಟ್ಟು, ಅಲ್ಲಿ ಚರ್ಮ ದಪ್ಪಗಟ್ಟಿರುತ್ತದೆ. ಮುಖದ ಗಂಟು ನೋಡಿ ಛೀ ಅಂದವರಿಗೂ ಉತ್ತರ ಕೊಟ್ಟೆ: ಗಂಡಿಗೆ ಎರಡು ಜೊತೆ, ಹೆಣ್ಣಿಗೆ ಒಂದು. ಗಂಡುಗಳು ಗುದ್ದಾಡುವಾಗ ಏಟು ತಡೆಯೋದು ಅವೇ.

ದುಡ್ಡು ಕಡಿಮೆ ಇದ್ದರೆ ಕೀನ್ಯಾದಲ್ಲೇ ನೈವಾಶಾ ಹತ್ತಿರದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಬಾಡಿಗೆ ಸೈಕಲ್‌ನಲ್ಲೇ ಸುತ್ತಬಹುದು. ಮುಂಗಾಲು ಮಡಚಿ ಮೇಯುವ ಚಿತ್ರ ನನಗೆ ಸಿಕ್ಕಿದ್ದು ಅಲ್ಲೇ. ಬಿಲದ ವಿಡಿಯೋ ಮಾತ್ರ ಅಲ್ಲಿ ಕಷ್ಟ, ಸಂಜೆ ಆರಕ್ಕೆ ಗೇಟ್ ಮುಚ್ಚುತ್ತಾರೆ.