ಕ್ಯಾಮೆರಾ ಬೆಲ್ಟ್: ಮೊದಲು ತುದಿ ನೋಡಿ, ಆಮೇಲೆ ಮೆತ್ತೆ

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಕೊಕ್ಕರೆ ಗೂಡಿನ ಕಡೆಗೆ ಲೆನ್ಸ್ ತಿರುಗಿಸುತ್ತಿದ್ದೆ. ಕತ್ತಿನಲ್ಲಿದ್ದ ಬೆಲ್ಟಿನ ಎಡತುದಿ ಸರ್ರನೆ ಜಾರಿ, ಕ್ಯಾಮೆರಾ ಮಡಿಲಿಗೆ ಬಿತ್ತು. ಒಂದು ಗೇಣು ಆಚೆಗಾಗಿದ್ದರೆ ಕಾವೇರಿಯ ಪಾಲಾಗುತ್ತಿತ್ತು. ಬೆಲ್ಟ್ ಹರಿದಿರಲಿಲ್ಲ, ಬಕಲ್ ಮುರಿದಿರಲಿಲ್ಲ. ಬಕಲ್ ದಾಟಿ ಉಳಿದಿದ್ದ ಪಟ್ಟಿಯ ತುದಿ ದಿನವೂ ಎಳೆತಕ್ಕೆ ಸಿಕ್ಕು, ಕೂದಲೆಳೆಯಷ್ಟೇ ಜಾರುತ್ತಾ ಜಾರುತ್ತಾ ಅಂದು ಪೂರ್ತಿ ಕಳಚಿಕೊಂಡಿತ್ತು. ಅಂದಿನಿಂದ ನಾನು ಅಂಗಡಿಯಲ್ಲಿ ಹೆಗಲ ಮೆತ್ತೆಯನ್ನು ಒತ್ತಿ ನೋಡುವ ಮೊದಲು ಬೆಲ್ಟಿನ ಎರಡು ತುದಿಗಳನ್ನು ನೋಡುತ್ತೇನೆ.

ಅಂಗಡಿಗೆ ಹೋಗುವ ಮೊದಲೇ ತಿಳಿದಿರಬೇಕಾದದ್ದು ಕ್ಯಾಮೆರಾದ ತೂಕ. ಬ್ಯಾಟರಿ ಸಮೇತ ನಿಕಾನ್ ಡಿ850 ಒಂದು ಕಿಲೋ ತೂಗುತ್ತದೆ. ಅದಕ್ಕೆ 70-200 ಎಫ್/2.8 ಲೆನ್ಸ್ ಹಾಕಿದರೆ ಎರಡೂಕಾಲು ಕಿಲೋ ದಾಟುತ್ತದೆ. ಸೋನಿ ಎ6400ಗೆ ಅದರ ಪುಟ್ಟ 16-50 ಲೆನ್ಸ್ ಸೇರಿಸಿದರೂ ಅರ್ಧ ಕಿಲೋದ ಆಸುಪಾಸು. ಇವೆರಡಕ್ಕೂ ಒಂದೇ ಬೆಲ್ಟ್ ಹೊಂದುವುದಿಲ್ಲ. ಅರ್ಧ ಕಿಲೋಗೆ ಎರಡು ಬೆರಳಗಲದ ಸಾದಾ ಪಟ್ಟಿ ಸಾಕು. ಎರಡು ಕಿಲೋ ದಾಟಿದರೆ ನಾಲ್ಕು ಬೆರಳಗಲದ ಮೆತ್ತೆ ಬೇಕು, ಭಾರ ಕತ್ತಿನ ಮೇಲೆ ಬೀಳಲೇಬಾರದು.

ಹಾಗಾದರೆ ಎಲ್ಲಿ ಬೀಳಬೇಕು? ಜನಿವಾರದಂತೆ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯುವ ಅಡ್ಡ ಬೆಲ್ಟ್ ಭಾರವನ್ನು ಬೆನ್ನಿಗೂ ಹಂಚುತ್ತದೆ. ಮೈಸೂರು ದಸರೆಯ ಜಂಬೂ ಸವಾರಿಗೆಂದು ಗಂಟೆಗಟ್ಟಲೆ ನಿಲ್ಲುವವರು ಕತ್ತಿನ ಬೆಲ್ಟ್ ಬಿಟ್ಟು ಇದನ್ನೇ ಹಾಕಿಕೊಳ್ಳಲಿ. ಗುಂಪಿನಲ್ಲಿ ಮಾತ್ರ ಕ್ಯಾಮೆರಾದ ಮೇಲೆ ಒಂದು ಕೈ ಇರಲಿ, ಸೊಂಟದ ಬದಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಉದ್ದ ಲೆನ್ಸ್ ಇದ್ದರೆ ಬೆಲ್ಟನ್ನು ಲೆನ್ಸಿನ ಕಾಲಿಗೆ, ಅಂದರೆ ಟ್ರೈಪಾಡಿಗೆ ಕೂರಿಸುವ ಪಟ್ಟಿಗೆ ಸಿಕ್ಕಿಸಿ. ಕ್ಯಾಮೆರಾಗೇ ಸಿಕ್ಕಿಸಿದರೆ ಲೆನ್ಸಿನ ಭಾರವೆಲ್ಲ ಮೌಂಟಿನ ಮೇಲೆ, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಬಳೆಯ ಮೇಲೆ ಜಗ್ಗುತ್ತದೆ.

ಈಗ ತುದಿಗಳ ವಿಷಯ. ಅಡ್ಡ ಬೆಲ್ಟುಗಳಲ್ಲಿ ಹಲವು ಕ್ಯಾಮೆರಾದ ತಳದ ತೂತಿಗೆ ಕಾಲಿಂಚು ಸ್ಕ್ರೂನಿಂದ ಕೂರುತ್ತವೆ. ನಡೆಯುವಾಗ ಕ್ಯಾಮೆರಾ ಓಲಾಡಿದಂತೆ ಈ ಸ್ಕ್ರೂ ಸಡಿಲವಾಗಬಹುದು. ರಬ್ಬರ್ ವಾಷರ್ ಇರುವುದನ್ನೇ ಕೊಳ್ಳಿ, ಅರ್ಧ ಗಂಟೆಗೊಮ್ಮೆ ಬೆರಳಿನಲ್ಲಿ ಬಿಗಿ ನೋಡಿ, ಬೆಲ್ಟಿನಿಂದ ಕ್ಯಾಮೆರಾದ ಕಿವಿಗೂ, ಅಂದರೆ ಬೆಲ್ಟ್ ಸಿಕ್ಕಿಸುವ ಬದಿಯ ಕೊಂಡಿಗೂ, ಒಂದು ಸುರಕ್ಷತಾ ದಾರ ಕಟ್ಟಿ. ಪೀಕ್ ಡಿಸೈನ್ ಕಂಪನಿಯದಂಥ ಗುಂಡಿ ಮಾದರಿಯಲ್ಲಿ ಕ್ಯಾಮೆರಾಗೆ ಕಟ್ಟಿದ ದಾರದ ಗುಂಡಿ ಬೆಲ್ಟಿನ ತುದಿಗೆ ಕೂರುತ್ತದೆ, ಸಿಕ್ಕಿಸಿ ಬಿಚ್ಚುವುದು ಕ್ಷಣದ ಕೆಲಸ. ಒಂದು ಗುಂಡಿ ಸುಮಾರು 90 ಕಿಲೋ ತಡೆಯುತ್ತದೆಂದು ತಯಾರಕರು ಹೇಳುತ್ತಾರೆ. ಆದರೆ ಅದರ ದಾರ ಸವೆಯುವ ವಸ್ತು. ಕಪ್ಪು ಹೊದಿಕೆಯೊಳಗಿನ ಬಣ್ಣದ ಎಳೆ ಇಣುಕಿದರೆ ಅದೇ ದಿನ ಬದಲಿಸಿ.

ಹಳೆಯ ಪಟ್ಟಿ-ಬಕಲ್ ಮಾದರಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಸರಿಯಾಗಿ ಪೋಣಿಸಿದ್ದರೆ ಮಾತ್ರ. ತುದಿಯನ್ನು ಮೊದಲು ಪಟ್ಟಿಯ ಮೇಲೆ ಜಾರುವ ಚಿಕ್ಕ ಕುಣಿಕೆಯೊಳಗೆ ತೂರಿಸಿ, ಕ್ಯಾಮೆರಾದ ಕಿವಿಯಲ್ಲಿ ದಾಟಿಸಿ, ತಿರುಗಿ ಅದೇ ಕುಣಿಕೆಯೊಳಗೆ ತನ್ನಿ. ಬಳಿಕ ಬಕಲ್‌ನಲ್ಲಿ ಈಗಾಗಲೇ ಇರುವ ಪಟ್ಟಿಯ ಒಳಮಗ್ಗುಲಿಗೆ ತೂರಿಸಿ ಎಳೆಯಿರಿ. ತುದಿ ಎರಡು ಪದರಗಳ ನಡುವೆ ಅಡಗಿ ಕೂರುತ್ತದೆ, ಭಾರ ಬಿದ್ದಷ್ಟೂ ಬಿಗಿಯುತ್ತದೆ. ಬಕಲ್ ದಾಟಿ ಕನಿಷ್ಠ 5 ಸೆಂ.ಮೀ. ಉಳಿದಿರಲಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೈಲಾನ್ ಗಟ್ಟಿ, ಬೇಗ ಒಣಗುತ್ತದೆ. ರಬ್ಬರಿನಂಥ ನಿಯೋಪ್ರೀನ್ ಹಿತವೆನಿಸಿದರೂ ಹಿಗ್ಗುವುದರಿಂದ ನಡೆಯುವಾಗ ಕ್ಯಾಮೆರಾ ಪುಟಿಯುತ್ತದೆ. ತೊಗಲು ಚೆಂದ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಕೊಂಡು ತಂದ ದಿನವೇ ಕ್ಯಾಮೆರಾ ತೂಗುಹಾಕಬೇಡಿ. ಅಷ್ಟೇ ತೂಕದ ಅಕ್ಕಿಯನ್ನು ಚೀಲಕ್ಕೆ ತುಂಬಿ ಬೆಲ್ಟಿಗೆ ಸಿಕ್ಕಿಸಿ, ಬಕಲ್ ಅಂಚಿನಲ್ಲಿ ಪಟ್ಟಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹೆಗಲಿಗೇರಿಸಿಕೊಂಡು ಒಂದು ಗಂಟೆ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಗೆರೆ ಬಕಲ್‌ನಿಂದ ಕೂದಲೆಳೆಯಷ್ಟು ದೂರ ಸರಿದಿದ್ದರೂ ಬಿಚ್ಚಿ ಮತ್ತೆ ಪೋಣಿಸಿ. ಮರುದಿನವೂ ಸರಿದರೆ ಅಂಗಡಿಗೆ ಹಿಂದಿರುಗಿಸಿ.