ಜಂಟಿ ಕ್ಲಿನಿಕ್ ನಡೆಯಲ್ಲ ಅಂದವರಿಗೆ: ಒಬ್ಬ ಕೋಆರ್ಡಿನೇಟರ್ ಅನುಭವ

"ಆರು ತಿಂಗಳು ನಡೆದರೆ ಹೆಚ್ಚು" ಅಂತ ನಮ್ಮ ವಿಭಾಗದವರೇ ಹೇಳಿದ್ದರು. ಈಗ ಅವರೇ ಫೋನ್ ಮಾಡಿ, "ನಮ್ಮ ಪೇಷೆಂಟ್ ಒಬ್ಬರಿದ್ದಾರೆ, ಈ ವಾರದ ಪಟ್ಟಿಗೆ ಸೇರಿಸ್ತೀರಾ ಸಿಸ್ಟರ್?" ಅಂತ ಕೇಳುತ್ತಾರೆ. ಸೇರಿಸುತ್ತೇನೆ, ಆದರೆ ಸ್ವಲ್ಪ ಕಾಯಿಸಿ.

ನಾನು ಜನ್ಮಜಾತ ಹೃದಯ ದೋಷದ ಜಂಟಿ ಕ್ಲಿನಿಕ್‌ನ ನರ್ಸ್ ಕೋಆರ್ಡಿನೇಟರ್. ಇದೇ ಕೆಲಸದಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಫ್ಯಾಲೊ (ಹುಟ್ಟಿನಿಂದಲೇ ಇರುವ ನಾಲ್ಕು ಹೃದಯ ದೋಷಗಳ ಗುಂಪು), ಫಾಂಟಾನ್ (ಹೃದಯದ ಒಂದೇ ಕೆಳಕೋಣೆ ಸರಿಯಾಗಿ ಕೆಲಸ ಮಾಡುವವರಿಗೆ ಮಾಡುವ ಆಪರೇಷನ್) ಬಗ್ಗೆ ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಕಾರ್ಡಿಯಾಲಜಿಸ್ಟ್, ಸರ್ಜನ್, ಹೃದಯದ ಲಯ ನೋಡುವವರು, ಲಿವರ್ ಡಾಕ್ಟರ್, ಹೆರಿಗೆ ತಜ್ಞೆ, ಅರಿವಳಿಕೆಯವರು, ಮನಶ್ಶಾಸ್ತ್ರಜ್ಞೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆವು. ಬಂದ ಪೇಷೆಂಟ್ ಕೈಯಲ್ಲಿ ಎರಡು ವರ್ಷದ ಹಿಂದಿನ ಎಕೋ (ಹೃದಯದ ಸ್ಕ್ಯಾನ್). ಎಂಆರ್‌ಐ ಆಗಿದೆ, ರಿಪೋರ್ಟ್ ಬಂದಿಲ್ಲ. ಚಿಕ್ಕಂದಿನಲ್ಲಿ ಯಾವ ಆಪರೇಷನ್ ಆಗಿತ್ತು ಅಂತ ಕೇಳಿದರೆ, "ಏನೋ ತೂತು ಮುಚ್ಚಿದರಂತೆ" ಅನ್ನುವ ಉತ್ತರ. ಅಷ್ಟು ಜನ ದೊಡ್ಡ ಡಾಕ್ಟರುಗಳು ಸುಮ್ನೆ ಕೂತಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ ಸರ್ಜನ್ ಬರುವುದು ಬಿಟ್ಟರು.

ಆಮೇಲೆ ವಿಡಿಯೋ ಮೀಟಿಂಗ್ ಮಾಡಿದೆವು. ಚರ್ಚೆ ಚೆನ್ನಾಗಿಯೇ ಆಗುತ್ತಿತ್ತು. ಆದರೆ ತೀರ್ಮಾನ ಬರೆದಿಡುವವರು ಯಾರೂ ಇಲ್ಲ. ಮುಂದಿನ ತಿಂಗಳು ಅದೇ ಪೇಷೆಂಟ್, ಅದೇ ಚರ್ಚೆ. ಮಕ್ಕಳ ವಿಭಾಗದಿಂದ ದೊಡ್ಡವರ ಕಡೆಗೆ ಬರೀ ಪತ್ರ ಕೊಟ್ಟು ಕಳಿಸಿ ನೋಡಿದೆವು. ಹತ್ತು ಜನರಲ್ಲಿ ಮೂರ್ನಾಲ್ಕು ಜನ ಬರಲೇ ಇಲ್ಲ. ಹದಿನೆಂಟರ ಹುಡುಗರಿಗೆ ಮೈ ಚೆನ್ನಾಗಿದೆ ಅನ್ನಿಸುತ್ತಿರುತ್ತದೆ. ಹೃದಯದ ಬಲಭಾಗ ಒಳಗೊಳಗೇ ಹಿಗ್ಗುತ್ತಿರುವುದು ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮೀಟಿಂಗ್‌ಗೆ ಒಂದು ವಾರ ಮುಂಚೆಯೇ ಕೆಲಸ ಮುಗಿಸಲು ಶುರು ಮಾಡಿದ ಮೇಲೆ ದಾರಿ ಸಿಕ್ಕಿತು. ಪ್ರತಿ ಪೇಷೆಂಟ್‌ಗೂ ಒಂದೇ ಹಾಳೆ. ಮೇಲೆ ಹೃದಯ ಈಗ ಹೇಗಿದೆಯೋ ಹಾಗೆ ಕೈಯಲ್ಲಿ ಬಿಡಿಸಿದ ಚಿತ್ರ. ಕೆಳಗೆ ಆಪರೇಷನ್‌ಗಳು ಮತ್ತು ವರ್ಷ, ಬಲ ಕುಹರದ (ಹೃದಯದ ಬಲಗಡೆಯ ಕೆಳಕೋಣೆಯ) ಅಳತೆ, ಲಯ, ಲಿವರ್, ಕಬ್ಬಿಣಾಂಶ. ಕೊನೆಯಲ್ಲಿ ಟೀಮ್‌ಗೆ ಒಂದು ಪ್ರಶ್ನೆ. ಪ್ರಶ್ನೆ ಇಲ್ಲದಿದ್ದರೆ ಪಟ್ಟಿಯಲ್ಲಿ ಜಾಗ ಇಲ್ಲ. ಈ ನಿಯಮಕ್ಕೆ ಬೈಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ. ತೀರ್ಮಾನವನ್ನು ಅದೇ ಹಾಳೆಯ ಹಿಂದೆ, ಎಲ್ಲರೂ ಏಳುವ ಮುಂಚೆ ಬರೆಯುತ್ತೇನೆ. ಸರ್ಜನ್ ವಾಪಸ್ ಬಂದರು, ಅದೂ ಸಮಯಕ್ಕೆ ಸರಿಯಾಗಿ. ಅವರನ್ನು ಹೇಗೆ ಬರಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ಹಾಳೆಯಿಂದ ಏನಾಯಿತು ಅಂತ ಒಂದು ಉದಾಹರಣೆ ಕೊಡುತ್ತೇನೆ. ಐವತ್ತು ದಾಟಿದ ಒಬ್ಬರಿಗೆ ಮಗುವಾಗಿದ್ದಾಗ ಬಲಗಡೆ ಹಳೆಯ ಮಾದರಿಯ ಬ್ಲಾಲಾಕ್ ಶಂಟ್ (ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಸುವ ಆಪರೇಷನ್) ಆಗಿತ್ತು. ಬಿಪಿ ಯಾವಾಗಲೂ ಬಲಗೈಯಲ್ಲೇ ನೋಡುತ್ತಿದ್ದರು, ಯಾವಾಗಲೂ "ನಾರ್ಮಲ್". ಆ ಕೈಗೆ ಹೋಗುವ ರಕ್ತನಾಳವನ್ನೇ ತಿರುಗಿಸಿ ಶ್ವಾಸಕೋಶಕ್ಕೆ ಜೋಡಿಸಿದ್ದಾರೆ, ಮತ್ತೆ ಅಲ್ಲಿ ಕಡಿಮೆ ತೋರಿಸದೆ ಇನ್ನೇನು? ಚಿತ್ರ ಬಿಡಿಸುವಾಗ ಹೊಳೆಯಿತು. ಎಡಗೈಯಲ್ಲಿ ನೋಡಿದರೆ ಬಿಪಿ ಜಾಸ್ತಿ. ಈಗ ಅವರ ಹಾಳೆಯ ಮೇಲೆ ಕೆಂಪು ಪೆನ್ನಲ್ಲಿ "ಎಡಗೈ ಮಾತ್ರ" ಅಂತಿದೆ. ಅಂದಹಾಗೆ, 1944ರಲ್ಲಿ ಆ ಶಂಟ್ ಹುಟ್ಟಿದ್ದೂ ಒಂದು ಟೀಮ್‌ನಿಂದಲೇ: ಮಕ್ಕಳ ಹೃದಯ ತಜ್ಞೆ ಹೆಲೆನ್ ಟಾಸಿಗ್, ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್, ಪ್ರಯೋಗಾಲಯದಲ್ಲಿ ಅದನ್ನು ಮಾಡಿ ತೋರಿಸಿದ ವಿವಿಯನ್ ಥಾಮಸ್. ಶಂಟ್‌ನ ಹೆಸರಿಗೆ ಥಾಮಸ್ ಸೇರಲು ದಶಕಗಳೇ ಹಿಡಿದವು. ಕೋಆರ್ಡಿನೇಟರ್‌ಗಳಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

ಇನ್ನೊಂದು ಸಣ್ಣ ಉಪಾಯ. ಪೇಷೆಂಟ್ ಆರಾಮಾಗಿದ್ದಾಗ ತೆಗೆದ ಇಸಿಜಿಯ ಫೋಟೋ ಅವರ ಫೋನಿನಲ್ಲೇ ಇರಬೇಕು. ಫಾಂಟಾನ್ ಆದವರಿಗೆ ನಾಡಿ 120ರ ಆಸುಪಾಸು ನಿಂತುಬಿಟ್ಟರೆ ತುರ್ತು ವಿಭಾಗದಲ್ಲಿ "ಗಾಬರಿ, ಅಷ್ಟೇ" ಅನ್ನುತ್ತಾರೆ. ಮಲಗಿದರೂ ಅಷ್ಟೇ, ನಡೆದರೂ ಅಷ್ಟೇ ಇದ್ದರೆ ಹೃದಯದ ಮೇಲ್ಕೋಣೆಯ ಲಯ ಕೆಟ್ಟಿರಬಹುದು. ಹಳೆ ಇಸಿಜಿ ಪಕ್ಕಕ್ಕಿಟ್ಟರೆ ಪಿ ಅಲೆ (ಮೇಲ್ಕೋಣೆಯ ಮಿಡಿತ ತೋರಿಸುವ ಸಣ್ಣ ಉಬ್ಬು) ಬದಲಾಗಿರುವುದು ಕಣ್ಣಿಗೆ ಬೀಳುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಕೋಆರ್ಡಿನೇಟರ್ ಹೆಸರಲ್ಲಿ ಬಿಲ್ ಆಗುವುದಿಲ್ಲ, ಆಡಳಿತದವರ ತಕರಾರು ಅದೇ. ಮೊದಲ ವರ್ಷ ಅರ್ಧ ಸಂಬಳ ಒಂದು ಕಡೆಯಿಂದ, ಕಾಲು ಭಾಗ ಇನ್ನೊಂದು ಕಡೆಯಿಂದ. ನಾನು ಒಂದು ನೋಟ್‌ಬುಕ್ ಇಟ್ಟೆ. ಸುಮ್ನೆ ಎರಡು ಸಲ ಆದ ಎಕೋ ಎಷ್ಟು, ಖಾಲಿ ಹೋದ ಎಂಆರ್‌ಐ ಸಮಯ ಎಷ್ಟು, ತಪ್ಪಿಸಬಹುದಾಗಿದ್ದ ಆಸ್ಪತ್ರೆ ದಾಖಲಾತಿ ಎಷ್ಟು. ವರ್ಷದ ಕೊನೆಗೆ ಎರಡೆರಡು ಸಲ ಆಗುತ್ತಿದ್ದ ಎಕೋ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ತಿಂಗಳಿಗೆ ಐದಾರು ಖಾಲಿ ಹೋಗುತ್ತಿದ್ದ ಎಂಆರ್‌ಐ ಒಂದೆರಡಕ್ಕೆ ಬಂದಿತ್ತು. ಆ ನೋಟ್‌ಬುಕ್ ತೋರಿಸಿಯೇ ಪೂರ್ತಿ ಹುದ್ದೆ ಗಿಟ್ಟಿಸಿದೆ. ಬಜೆಟ್ ಕತ್ತರಿ ಮೊದಲು ಬೀಳುವುದು ಮನಶ್ಶಾಸ್ತ್ರಜ್ಞೆ ಮೇಲೆ. ಅವರನ್ನು ಎರಡು ಸಲ ಉಳಿಸಿಕೊಂಡಿದ್ದೇನೆ. ಹೇಗೆ ಅಂತ ಇಲ್ಲಿ ಬರೆದರೆ ಮೂರನೇ ಸಲ ನಡೆಯುವುದಿಲ್ಲ.

ನಡುವೆ ಹದಿಹರೆಯದವರಿಗೆ ಅಂತ ಗುಂಪು ಸಭೆ ಮಾಡಿದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಹೊರಗೆ ಬಂದವರೇ ಕಾರಿಡಾರ್‌ನಲ್ಲಿ ಅಂಗಿ ಎತ್ತಿ ಎದೆಯ ಗಾಯದ ಗುರುತು ಹೋಲಿಸಿಕೊಂಡು ಹರಟಿದರು. ಸಭೆ ನಿಲ್ಲಿಸಿದೆವು. ಈಗ ಅವರಿಗೆಲ್ಲ ಒಂದೇ ಸಮಯ ಕೊಟ್ಟು ಬೇಕಂತಲೇ ಕಾಯಿಸುತ್ತೇವೆ. ಹನ್ನೆರಡು ದಾಟಿದ ಮಕ್ಕಳ ಅಪ್ಪ-ಅಮ್ಮನನ್ನು ಹತ್ತು ನಿಮಿಷ ಹೊರಗೆ ಕೂರಿಸುತ್ತೇನೆ. ಮಗು ತನ್ನ ಹೃದಯದ ಚಿತ್ರ ತಾನೇ ಬಿಡಿಸಬೇಕು. ಸ್ವಲ್ಪ ದೊಡ್ಡವರಾದರೆ ಹಚ್ಚೆ, ವ್ಯಾಯಾಮ, ಗರ್ಭನಿರೋಧಕ, ಎಲ್ಲಾ ಪ್ರಶ್ನೆಗಳೂ ಆ ಹತ್ತು ನಿಮಿಷದಲ್ಲೇ ಬರುತ್ತವೆ. ಫಾಂಟಾನ್ ಆದ ಹುಡುಗಿಗೆ ಈಸ್ಟ್ರೋಜನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟಿಸಬಹುದು ಅನ್ನುವುದನ್ನು ಅಮ್ಮನ ಮುಂದೆ ಹೇಳಲು ಕೂತರೆ ಅವಳು ತಲೆಯೇ ಎತ್ತುವುದಿಲ್ಲ.

ಇನ್ನೂ ಬಗೆಹರಿಯದೆ ಉಳಿದಿರುವುದು ಹಲ್ಲಿನ ವಿಷಯ. ಕೃತಕ ಕವಾಟ ಇದೆ ಅಂದರೆ ಸಾಕು, ಎಷ್ಟೋ ದಂತವೈದ್ಯರು ಮುಟ್ಟುವುದೇ ಇಲ್ಲ. ಹೃದಯಕ್ಕೆ ಸೋಂಕು ತಗಲದಂತೆ, ದೊಡ್ಡವರಿಗೆ, ಅಲರ್ಜಿ ಇಲ್ಲದಿದ್ದರೆ, ಚಿಕಿತ್ಸೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್ ಅಂತ ಚೀಟಿ ಬರೆದು ಕೊಟ್ಟರೂ ವಾಪಸ್ ಕಳಿಸುತ್ತಾರೆ. ಹಾಗಾಗಿ ತಿಂಗಳಿಗೊಮ್ಮೆ ದಂತವೈದ್ಯರನ್ನೇ ನಮ್ಮ ಕ್ಲಿನಿಕ್‌ಗೆ ಕರೆಸುವ ಯೋಚನೆ ಇದೆ. ಬರಲು ಒಬ್ಬರು ಒಪ್ಪಿದ್ದಾರೆ, ಕುರ್ಚಿಗೆ ದುಡ್ಡು ಮಂಜೂರಾಗಬೇಕು. ಅದಕ್ಕೂ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ.